ತಾಳಕ್ಕೆ ಹೋದ ಕೈ

ನಾದಿನಿಯ ಬಲಗೈ ಬಿಸಿ ಉರುಳೆಗಳ ನಡುವೆ ಸಿಕ್ಕಿದ ದಿನದಿಂದ ಅತ್ತಿಗೆ ಹಾಡಿರಲಿಲ್ಲ. ಹಾಡದಿರುವುದು ಕಷ್ಟವಲ್ಲ, ಹಾಡುತ್ತಿದ್ದವಳು ಹಾಡದಿದ್ದರೆ ಎಲ್ಲರ ಕಣ್ಣಿಗೂ ಬೀಳುತ್ತಾಳೆ. ಆಸ್ಪತ್ರೆಗಳ ಹೊದಿಕೆ, ಹಾಸು ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸುವ ಆ ಕಾರ್ಖಾನೆಯಲ್ಲಿ ಹಾಡಿನ ಮೊದಲ ಸಾಲು ಅವಳದೇ ಆಗಿತ್ತು. ನಾದಿನಿ ಕರೆದದ್ದನ್ನು ಕೇಳಿ ಕೇಳಿ, ಅಲ್ಲಿನ ನಲವತ್ತು ಜನರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು.

ಹಿಂದಿನ ವರ್ಷ ಮ್ಯಾನೇಜರ್ ಒಬ್ಬ ತರಬೇತುದಾರನನ್ನು ಕರೆಸಿದ್ದ. ಆತ ಗೋಡೆಯ ಮೇಲೆ ಮೆದುಳಿನ ಬಣ್ಣದ ಚಿತ್ರಗಳನ್ನು ತೋರಿಸಿ, ಜನ ಒಟ್ಟಾಗಿ ಹಾಡಿದರೆ ಉಸಿರು ಒಂದಾಗುತ್ತದೆ, ಭಯ ಇಳಿಯುತ್ತದೆ, ಪಕ್ಕದವನು ತನ್ನವನೆನಿಸುತ್ತಾನೆ, ಮೈ ತಾನಾಗಿ ತಾಳಕ್ಕೆ ಹೊಂದುತ್ತದೆ ಎಂದು ವಿವರಿಸಿದ. ಒಳಗೆ ಬಟ್ಟೆ ಸಾಗಿಸುವ ತಳ್ಳುಗಾಡಿಯವನು ಆತನಿಗೆ ಆಗಲೇ ಮೆದುಳಪ್ಪ ಎಂದು ಹೆಸರಿಟ್ಟ. ಯಾರೇನು ಹೇಳಿದರೂ ಅದರ ಮೇಲೊಂದು ಮಾತು ಸೇರಿಸುವ ಈ ತಳ್ಳುಗಾಡಿಯವನಿಗೂ ಕೊಸರಣ್ಣ ಎಂಬ ಹೆಸರು ಹೀಗೆಯೇ ಬಿದ್ದದ್ದು.

ಮೆದುಳಪ್ಪ ಹೇಳಿದ್ದು ಸುಳ್ಳಾಗಿದ್ದರೆ ಅತ್ತಿಗೆಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅದು ನಿಜವಾಯಿತು. ಅವಳು ಒಂದು ಸಾಲು ಹಾಡುವುದು, ಉಳಿದವರು ಅದನ್ನೇ ತಿರುಗಿ ಹಾಡುವುದು. "ಬಿಳಿಯ ಬಟ್ಟೆ, ಬಿಳಿಯ ಮನಸು, ಹಿಡಿಯೊ ಅಂಚು, ತೊರೆಯೊ ಮುನಿಸು." ಆವಿಯ ಸೆಕೆಯಲ್ಲಿ ತಲೆನೋವು ಮರೆತುಹೋಯಿತು. ಮಾತು ಬಿಟ್ಟವರು ಮಾತಾಡಿದರು. ಕೆಟ್ಟುನಿಂತ ಫ್ಯಾನುಗಳ ವಿಚಾರವಾಗಿ ಕುದಿಯುತ್ತಿದ್ದ ಕೋಪ ಆರಿತು. ನಲವತ್ತು ಜನಕ್ಕೆ ಭಾಗಿಸಿದ ಸಿಟ್ಟಿನಲ್ಲಿ ಶೇಷ ಉಳಿಯುವುದಿಲ್ಲ. ಫ್ಯಾನುಗಳು ಮಾತ್ರ ಹಾಗೆಯೇ ಉಳಿದವು.

ಹಾಡು ಬಾಯಲ್ಲಿ ಕೂತ ಮೇಲೆ ಉರುಳೆಗಳ ವೇಗ ಹೆಚ್ಚಿತು. ಇಬ್ಬರು ಎದುರುಬದುರು ನಿಂತು ಹೊದಿಕೆಯ ಅಂಚು ಹಿಡಿದು ಉರುಳೆಗೆ ಕೊಡಬೇಕು. ಉರುಳೆಯ ಮುಂದೆ ಒಂದು ತಡೆಪಟ್ಟಿ ಇತ್ತು. ಬೆರಳು ಅದಕ್ಕೆ ತಗುಲಿದರೆ ಯಂತ್ರ ನಿಲ್ಲುತ್ತದೆ. ವೇಗ ಹೆಚ್ಚಿದಂತೆ ಬೆರಳುಗಳು ಪದೇ ಪದೇ ತಗುಲತೊಡಗಿದವು. ಮೇಸ್ತ್ರಿ ಒಂದು ದಿನ ಆ ಪಟ್ಟಿಯನ್ನು ಮೇಲೆತ್ತಿ ತಂತಿಯಿಂದ ಬಿಗಿದುಬಿಟ್ಟ. ಎಲ್ಲರೂ ನೋಡಿದರು, ಅತ್ತಿಗೆಯೂ ನೋಡಿದಳು. ಹಾಡಿನ ಮಧ್ಯೆ ಯಂತ್ರ ನಿಂತರೆ ಅನ್ನದಲ್ಲಿ ಕಲ್ಲು ಕಡಿದಂತಾಗುತ್ತಿದ್ದುದರಿಂದ ಯಾರೂ ಬೇಡವೆನ್ನಲಿಲ್ಲ.

ಕೈ ಸಿಕ್ಕಿದ ಸಂಜೆಯೇ ತಂತಿ ಮಾಯವಾಯಿತು. ಪಟ್ಟಿ ತನ್ನ ಜಾಗಕ್ಕೆ ಇಳಿದು, ಏನೂ ಅರಿಯದ ಮಗುವಿನಂತೆ ಕೂತಿತ್ತು. ಹುಡುಗಿಯ ಅಜಾಗರೂಕತೆ ಎಂದು ಮ್ಯಾನೇಜರ್ ತೀರ್ಮಾನಿಸಿದ. ತಂತಿಯ ಮಾತೆತ್ತಿದ ಅತ್ತಿಗೆಗೆ, "ಮನೆಯವರ ಮಾತು ಸಾಕ್ಷಿಯಾಗಲ್ಲಮ್ಮ" ಎಂದ. ಇಂದು ಮಧ್ಯಾಹ್ನ ಮಾಲೀಕ ಬಂದು ಎಲ್ಲರೆದುರು ವಿಚಾರಿಸುವವನಿದ್ದ. ಅಜಾಗರೂಕತೆ ಎಂದು ಅಲ್ಲಿ ಸ್ಥಿರಪಟ್ಟರೆ ನಾದಿನಿಗೆ ಕೆಲಸವೂ ಇಲ್ಲ, ಕೈಯ ಚಿಕಿತ್ಸೆಯೂ ಇಲ್ಲ.

ಬೆಳಿಗ್ಗೆ ಅತ್ತಿಗೆ ಅವಳ ತಲೆ ಬಾಚುತ್ತಿದ್ದಾಗ ನಾದಿನಿ ಗೋಡೆ ನೋಡುತ್ತಾ ಹೇಳಿದ್ದಳು:

"ನನಗೆ ಉರುಳೆ ಕಾಣ್ತಿತ್ತು ಅತ್ತಿಗೆ. ಹತ್ತಿರ ಬಂದದ್ದೂ ಗೊತ್ತಾಯ್ತು. ಕೈ ಹಿಂದಕ್ಕೆ ತಗೋಬೇಕು ಅಂತ ಅಂದ್ಕೊಂಡೆ. ಹಾಡು ನಿಂತಿರ್ಲಿಲ್ಲ ನೋಡು, ಕೈ ಅದರ ಪಾಡಿಗೆ ಅದು ಹೋಯ್ತು."

"ಹಾಡ್ತಿದ್ದವಳು ನಾನು."

"ನಿನ್ನನ್ನ ಯಾರು ಅಂದ್ರು? ಜಡೆ ಬಿಗಿಯಾಯ್ತು, ಸಡಿಲ ಮಾಡು."

ಅತ್ತಿಗೆ ಆ ಮಾತನ್ನು ಕೆಂಡದಂತೆ ಒಡಲಲ್ಲಿಟ್ಟುಕೊಂಡು ಕೆಲಸಕ್ಕೆ ಬಂದಿದ್ದಳು. ಗಾಡಿಗಳ ಸಾಲಿನ ಹತ್ತಿರ ಕೊಸರಣ್ಣನನ್ನು ಅಡ್ಡಗಟ್ಟಿದಳು.

"ಇವತ್ತು ಕೇಳ್ತಾರೆ. ಏನು ಹೇಳ್ತೀಯ?"

"ನಾನೇನು ಹೇಳೋದು ತಾಯಿ? ನನ್ನ ಬಾಯಿ ಕೊಸರು ಹಾಕೋಕೆ ಮಾತ್ರ. ಮೊದಲು ಯಾರಾದ್ರೂ ತೂಗಲಿ."

"ಹಲ್ಲು ಕಿರೀಬೇಡ. ತಂತಿ ನೋಡಿದ್ಯೋ ಇಲ್ವೋ?"

"ನೋಡಿದೆ. ಕಣ್ಣಿಗೇನು, ನೋಡುತ್ತೆ. ಹೊಟ್ಟೆ ಬೇರೆ ಇದೆಯಲ್ಲ ಕೆಳಗೆ." ಅವನು ಗಾಡಿಯ ಹಿಂದೆ ಮುಖ ಮರೆಸಿಕೊಂಡು ತಳ್ಳಿಕೊಂಡು ಹೋದ.

ಮಧ್ಯಾಹ್ನ ಯಂತ್ರಗಳು ನಿಂತವು. ಮಡಿಸಿದ ಬಟ್ಟೆಗಳ ರಾಶಿಗಳ ನಡುವೆ ಎಲ್ಲರೂ ನಿಂತರು. ಮಾಲೀಕ ಒಂದೇ ಒಂದು ಕುರ್ಚಿಯಲ್ಲಿ ಕೂತ. ತೆಳ್ಳನೆಯ, ಬೇಗ ಬೇಸರಗೊಳ್ಳುವ ಮುದುಕ. ಜನರ ಮುಖಗಳು ಗಂಟಿಕ್ಕಿದ್ದವು. ಅದನ್ನು ಕಂಡ ಮ್ಯಾನೇಜರ್ ಕೈ ಉಜ್ಜಿಕೊಂಡ.

"ವಿಚಾರಣೆ ಆಮೇಲೆ. ಮನಸ್ಸು ತಿಳಿಯಾಗಲಿ, ಮೊದಲು ನಮ್ಮ ಹಾಡು. ಅತ್ತಿಗೆ, ಶುರು ಮಾಡಿ."

ಅತ್ತಿಗೆ ಅವುಡುಗಚ್ಚಿದಳು. ಮ್ಯಾನೇಜರ್ ಕಾಯಲಿಲ್ಲ, ತನ್ನ ಒಡಕು ಗಂಟಲಿನಲ್ಲಿ ತಾನೇ ಎತ್ತಿಕೊಂಡ. ಮೊದಲು ಹತ್ತು ಬಾಯಿ ಸೇರಿದವು, ಆಮೇಲೆ ಇಪ್ಪತ್ತು. ಹುಬ್ಬುಗಳು ಸಡಿಲವಾಗುವುದನ್ನು, ಭುಜಗಳು ಇಳಿಯುವುದನ್ನು ಅವಳು ಕಣ್ಣಾರೆ ಕಂಡಳು. ಹಾಡು ಮುಗಿಯುವಷ್ಟರಲ್ಲಿ ಇವರೆಲ್ಲ ಒಳ್ಳೆಯವರಾಗಿಬಿಡುತ್ತಾರೆ. ಒಳ್ಳೆಯವರಾಗಿ, ಹುಡುಗಿಯದೇ ತಪ್ಪು ಎಂಬುದಕ್ಕೆ ತಲೆಯಾಡಿಸುತ್ತಾರೆ. ಅಷ್ಟರಲ್ಲಿ ಅವಳ ಎದೆಯಲ್ಲೂ ಏನೋ ಹಿತವಾಗಿ ಕರಗತೊಡಗಿತು. ಕೆಳಗೆ ನೋಡಿದರೆ ಅವಳದೇ ಹಿಮ್ಮಡಿ ನೆಲಕ್ಕೆ ತಾಳ ತಟ್ಟುತ್ತಿತ್ತು.

ಆ ಹಿಮ್ಮಡಿಯ ಮೇಲೆ ಬಂದಷ್ಟು ಸಿಟ್ಟು ಅವಳಿಗೆ ಮ್ಯಾನೇಜರನ ಮೇಲೂ ಬಂದಿರಲಿಲ್ಲ. ಅವಳು ಗಂಟಲೆತ್ತಿದಳು. ಎಂದಿನ ಸಾಲನ್ನು ಎಂದಿನಂತೆಯೇ ಹಾಡಿದಳು. ನಲವತ್ತು ಜನ ಸಂತೋಷದಿಂದ ಅದನ್ನು ತಿರುಗಿ ಹಾಡಿದರು. ಮ್ಯಾನೇಜರ್ ಮುಗುಳ್ನಕ್ಕು ತಾನು ನಿಲ್ಲಿಸಿದ. ಎರಡನೆಯ ಸಾಲಿಗೆ ಅವಳು ಅದೇ ರಾಗದಲ್ಲಿ, ಅದೇ ತಾಳದಲ್ಲಿ ಹಾಡಿದಳು:

"ತಡೆಯ ಪಟ್ಟಿ ಮೇಲಕೆತ್ತಿ, ತಂತಿ ಬಿಗಿದ ಕೈಯಿ ಯಾರದು?"

ನಲವತ್ತು ಬಾಯಿಗಳು ಒಂದಕ್ಷರ ತಪ್ಪದೆ ಅದನ್ನೂ ತಿರುಗಿ ಹಾಡಿದವು. ಹಾಡಿ ಮುಗಿಸಿದ ಮೇಲೆ ತಾವು ಹಾಡಿದ್ದೇನೆಂದು ಅವರ ಕಿವಿಗೆ ಬಿತ್ತು. ಒಬ್ಬ ಹೆಂಗಸು ಬಾಯಿ ಮುಚ್ಚಿಕೊಂಡಳು.

"ಇದೇನಿದು, ತಂತಿ?" ಮಾಲೀಕ ಕುರ್ಚಿಯಲ್ಲಿ ನೆಟ್ಟಗಾದ.

"ಏನೂ ಇಲ್ಲ ಸಾರ್," ಮ್ಯಾನೇಜರ್ ಮುಂದೆ ಬಂದ. "ಅವಳು ಏನು ಹಾಡಿದ್ರೂ ಇವರು ತಿರುಗಿ ಹಾಡ್ತಾರೆ. ಅಭ್ಯಾಸ. ಅದೇನೂ ಇವರ ಮಾತಲ್ಲ, ಯೋಚನೆ ಮಾಡಿ ಹೇಳಿದ್ದಲ್ಲ."

"ಮ್ಯಾನೇಜರ್ ಹೇಳಿದ್ದು ಸರಿ," ಎಂದಳು ಅತ್ತಿಗೆ.

ಮ್ಯಾನೇಜರನೇ ತಬ್ಬಿಬ್ಬಾದ.

"ಇವರ ಬಾಯಿ ತಾಳಕ್ಕೆ ಹೋಯ್ತು. ನನ್ನ ನಾದಿನಿ ಕೈಯೂ ಹಂಗೇ ಹೋದದ್ದು, ಯೋಚನೆ ಮಾಡಿ ಅಲ್ಲ. ಅದನ್ನ ಅಜಾಗರೂಕತೆ ಅಂತೀರಿ, ಇದನ್ನ ಅಭ್ಯಾಸ ಅಂತೀರಿ. ಯಾವುದಾದ್ರೂ ಒಂದು ಅನ್ನಿ." ಅವಳು ಜನರ ಕಡೆಗೆ ತಿರುಗಿದಳು. ಅವಳ ದನಿ ಈಗ ರಾಗದ ಲವಲೇಶವೂ ಇಲ್ಲದೆ ಒರಟಾಗಿತ್ತು. "ಗುಂಪಲ್ಲಿ ಗೋವಿಂದ ಅಂದದ್ದು ಸಾಕು. ಹಾಡಿಸಿ ಹೇಳಿಸೋದಾದ್ರೆ ನನಗೂ ಮೆದುಳಪ್ಪನಿಗೂ ಏನು ವ್ಯತ್ಯಾಸ? ನೋಡಿದವರು ಒಬ್ಬೊಬ್ಬರಾಗಿ, ಮಾತಲ್ಲಿ ಹೇಳಿ. ಹೇಳೋಕಾಗದವರು ಇನ್ಮೇಲೆ ನನ್ನನ್ನ ಅತ್ತಿಗೆ ಅಂತ ಕರೀಬೇಡಿ."

ಎಲ್ಲೋ ಒಂದು ಕೊಳವೆಯಿಂದ ಆವಿ ಸಿಳ್ಳೆ ಹಾಕಿ ನಿಂತಿತು. ಮಾಲೀಕ ಗಡಿಯಾರ ನೋಡಿಕೊಂಡ. ಇನ್ನೇನು ಅವನು ಏಳಬೇಕು ಎನ್ನುವಾಗ ಕೊಸರಣ್ಣ ಕೆಮ್ಮಿದ.

"ತಂತಿ... ಇತ್ತು ಸಾರ್." ಅವನ ನಾಲಿಗೆ ತೊಡರಿತು. "ಮೇಸ್ತ್ರಿ ಕಟ್ಟಿದ್ದು. ಅದು... ಏಣಿ ಹಿಡಿದಿದ್ದವನು ನಾನು."

ಅಷ್ಟೇ; ಅದರ ಮೇಲೆ ಅವನು ಕೊಸರು ಹಾಕಲಿಲ್ಲ. ಬಾಯಿ ಮುಚ್ಚಿಕೊಂಡಿದ್ದ ಹೆಂಗಸು, "ನಾನೂ ಕಂಡೆ" ಎಂದಳು. ಹಿಂದಿನಿಂದ ಒಬ್ಬ ತಡವಾಗಿ, ಇನ್ನೊಬ್ಬ ಅವಸರವಾಗಿ, ಒಬ್ಬರ ಮಾತನ್ನು ಒಬ್ಬರು ತುಳಿಯುತ್ತಾ ಹೇಳತೊಡಗಿದರು. ಕೆಲವರು ಹೇಳಲಿಲ್ಲ, ನೆಲ ನೋಡುತ್ತಾ ನಿಂತರು. ಅತ್ತಿಗೆ ಅವರ ಮುಖಗಳನ್ನು ಒಂದೊಂದಾಗಿ ನೋಡಿಕೊಂಡಳು. ಅವಳ ಸಿಟ್ಟು ಇಳಿದಿರಲಿಲ್ಲ, ಇಳಿಯಲು ಅವಳು ಬಿಡಲೂ ಇಲ್ಲ.

ಎಲ್ಲರ ಕಣ್ಣೂ ತನ್ನ ಮೇಲೆ ನೆಟ್ಟಾಗ ಮೇಸ್ತ್ರಿ ಬೆವರು ಒರೆಸಿಕೊಂಡ.

"ಕಟ್ಟಿದೆ. ಹೌದು, ಕಟ್ಟಿದೆ. ಕಟ್ಟು ಅಂತ ಹೇಳಿದ್ಯಾರು ಅನ್ನೋದನ್ನ ಮಾತ್ರ ಒಬ್ಬರೂ ಕೇಳ್ತಿಲ್ಲವಲ್ಲ!"

ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದ. ಅತ್ತಿಗೆ ಅವನತ್ತ ತಿರುಗಿಯೂ ನೋಡಲಿಲ್ಲ.

"ನಾನು ಕೇಳ್ತಿದ್ದೀನಿ, ಹೇಳು," ಎಂದಳು.