ಮಾವನವರ ಡಬ್ಬಿ

ಲ್ಯಾಬಿನಲ್ಲಿ ಟ್ಯೂಬು ತಿರುಗಿಸುವ ಸೆಂಟ್ರಿಫ್ಯೂಜಿನ ಗುಂಯ್ ಸದ್ದು ಇಳಿಯುತ್ತಿದೆ, ಇನ್ನೂ ನಿಂತಿಲ್ಲ, ಪೂರ್ತಿ ನಿಲ್ಲುವ ತನಕ ಮುಚ್ಚಳ ಮುಟ್ಟಬಾರದು ಎಂದು ಹೊಸಬರಿಗೆಲ್ಲ ಗದರುವವಳು ನಾನೇ, ಈಗ ನನ್ನ ಕೈಯೇ ಮುಚ್ಚಳದ ಮೇಲೆ ಕೂತಿದೆ — ಒಳಗೆ ಗಿರಗಿರ ತಿರುಗುತ್ತಿರುವುದು ನಮ್ಮ ಮಾವನವರದು, ಛೆ, ಹಾಗೆಂದುಕೊಂಡರೆ ನಗು ಬರುತ್ತದೆ, ಹದಿನಾಲ್ಕು ವರ್ಷದಿಂದ ಊರವರ ಮಲವನ್ನೆಲ್ಲ ಮೂಗು ಮುರಿಯದೆ ನೋಡಿದ್ದೇನೆ, ಡಬ್ಬಿಯ ಮೇಲಿನ ನಂಬರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ, ಇವತ್ತು ಮಾತ್ರ ನಂಬರಿನ ಹಿಂದೆ ಬಿಳಿಚಿಕೊಂಡ ಒಂದು ಮುಖ — ಡ್ರಿಲ್ ಮಾಸ್ತರರಾಗಿದ್ದವರು, ಸೀಟಿ ಊದಿದರೆ ಮೈದಾನದ ಆಚೆ ತುದಿಯ ಹುಡುಗರೂ ನೆಟ್ಟಗಾಗುತ್ತಿದ್ದರಂತೆ, ಈಗ ಎರಡು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಲ್ಲುತ್ತಾರೆ. ರಕ್ತ ಅರ್ಧಕ್ಕೆ ಇಳಿದಿದೆಯಮ್ಮ, ಈ ವಯಸ್ಸಲ್ಲಿ ಎಲ್ಲೋ ಸೋರ್ತಾ ಇದೆ ಅಂದ್ರೆ ಕರುಳಲ್ಲಿ ಗಂಟೇನಾದ್ರೂ ಇದೆಯಾ ಅಂತ ನೋಡ್ಲೇಬೇಕು, ಮುಂದಿನ ವಾರ ಕ್ಯಾಮೆರಾ ಹಾಕೋಣ, ಎಂದಿದ್ದರು ಹೊಟ್ಟೆ ಡಾಕ್ಟರು, ಗಂಟು ಎಂದ ತಕ್ಷಣ ಇವರು ನನ್ನ ಕೈ ಹಿಡಿದುಕೊಂಡರು, ಮದುವೆಯಾದ ಮೇಲೆ ನಾಲ್ಕು ಜನರೆದುರು ಹಿಡಿದದ್ದು ಅದೇ ಮೊದಲು — ಮಾವ ಮಾತ್ರ ಆಯ್ತು ಸಾರ್ ಎಂದು ಎದ್ದರು, ಮನೆಗೆ ಬಂದವರೇ ಕೈಗಡಿಯಾರ ಬಿಚ್ಚಿ ಮಗನ ಮುಂದಿಟ್ಟರು, ನಂಗ್ಯಾಕೆ ಇನ್ನು, ನೀನೇ ಕಟ್ಕೋ. ಕರುಳಿನ ಹುಳ ರಕ್ತ ಹೀರಿದರೂ ಹೀಗಾಗುತ್ತದೆ, ಮಲ ಪರೀಕ್ಷೆ ಮಾಡಿಸಿದಿರಾ ಎಂದು ನಾನು ಕೇಳಿದರೆ ಮಾಡ್ಸಾಯ್ತು, ಏನೂ ಇಲ್ವಂತೆ, ಎಲ್ಲಿ ಮಾಡಿಸಿದಿರಿ ಎಂದರೆ ಆಕಾಶ ನೋಡಿದರು, ಎರಡು ಬಸ್ಸು ಬದಲಾಯಿಸಿ ಯಾವುದೋ ಲ್ಯಾಬಿಗೆ ಹೋಗಿದ್ದರಂತೆ, ಅಲ್ಲಿ ಒಂದೇ ಒಂದು ಸ್ಲೈಡು ನೇರವಾಗಿ ನೋಡಿ ಕಳಿಸಿದ್ದಾರೆ, ಅವರ ತಪ್ಪೇನೂ ಅಲ್ಲ, ಸ್ಲೈಡಿಗೆ ಹಚ್ಚುವುದು ಬೆಂಕಿಕಡ್ಡಿಯ ತಲೆಯಷ್ಟು, ಅಷ್ಟರಲ್ಲೇ ಸಿಕ್ಕಿಬೀಳಬೇಕೆಂದು ಹುಳಕ್ಕೇನು ಹಟವೇ. ನಮ್ಮ ಲ್ಯಾಬಿನಲ್ಲಿ ನಾನೇ ನೋಡುತ್ತೇನೆ, ಕೊಡಿ ಎಂದರೆ, ಸೊಸೆ ಕೈಗೆ ಅದನ್ನ ಕೊಡ್ಲಾ, ಪ್ರಾಣ ಹೋದ್ರೂ ಇಲ್ಲ, ಎಂದು ಮಾವ ಕೋಣೆಯ ಬಾಗಿಲು ಹಾಕಿಕೊಂಡರು — ಅತ್ತೆ ಹಣೆ ಚಚ್ಚಿಕೊಂಡರು, ಬನಿಯನ್ನೂ ನಿನ್ನ ಕಣ್ಣಿಗೆ ಬೀಳದ ಹಾಗೆ ಒಣಗಿ ಹಾಕೋರು ಕಣೇ ಇವ್ರು. ಮುಚ್ಚಿದ ಬಾಗಿಲಿಗೆ ಮುಖ ಕೊಟ್ಟು ಹೇಳಿದೆ, ಎಲ್ಲಿಂದ ಬಂತೋ ಆ ಧೈರ್ಯ, ಮಾವ, ಕಾಯಿಲೆಯಿಂದ ಏನಾದ್ರೂ ಆದ್ರೆ ತಡ್ಕೋತೀವಿ, ನಾಚಿಕೆಯಿಂದ ಆಗೋದು ಬೇಡ. ಇವತ್ತು ಬೆಳಿಗ್ಗೆ ನೋಡಿದರೆ ನನ್ನ ಚಪ್ಪಲಿಯ ಪಕ್ಕದಲ್ಲಿ ಡಬ್ಬಿ, ಮೂರು ಸುತ್ತು ದಿನಪತ್ರಿಕೆ, ಅದರ ಮೇಲೆ ದಾರ, ದಾರಕ್ಕೆ ಡ್ರಿಲ್ ಮಾಸ್ತರರ ಗಂಟು, ಬಿಚ್ಚಲು ಕತ್ತರಿಯೇ ಬೇಕಾಯಿತು — ಅವರು ಹಿತ್ತಲಲ್ಲಿ ನನಗೆ ಬೆನ್ನು ಹಾಕಿ, ಬರಿಗಾಲಲ್ಲಿ, ಒದ್ದೆ ಮಣ್ಣಿನಲ್ಲಿ ಬದನೆ ಗಿಡವನ್ನು ಮಾತಾಡಿಸುತ್ತ ನಿಂತಿದ್ದರು.

ನಿಂತಿತು. ಟ್ಯೂಬು ಎತ್ತಿ ಬೆಳಕಿಗೆ ಹಿಡಿದೆ, ನಾಲ್ಕು ಪದರ ಚೆನ್ನಾಗಿ ಬಿದ್ದಿದೆ, ಮೇಲೆ ಈಥರು, ಅದರಡಿ ಜಿಡ್ಡು ಕಸದ ಬಿರಡೆ, ಆಮೇಲೆ ಫಾರ್ಮಲಿನ್, ತಳದಲ್ಲಿ ಒಂದು ಚಿಟಿಕೆ ಗಷ್ಟು, ಹುಳದ ಮೊಟ್ಟೆಯಿದ್ದರೆ ಇಳಿದು ಕೂರುವುದು ಅಲ್ಲೇ, ನನಗೆ ಬೇಕಾದ್ದು ಅದೊಂದೇ, ಕಡ್ಡಿಯಿಂದ ಬಿರಡೆಯ ಸುತ್ತ ಬಿಡಿಸಿ ಮೇಲಿನದ್ದನ್ನೆಲ್ಲ ಒಂದೇ ಸಲಕ್ಕೆ ಚೆಲ್ಲಬೇಕು, ಚೆಲ್ಲಿದೆ, ಉಳಿದ ಗಷ್ಟು ಸ್ಲೈಡಿಗೆ, ಒಂದು ತೊಟ್ಟು ಅಯೋಡಿನ್, ಮೇಲೊಂದು ಗಾಜಿನ ಚೂರು, ಮೈಕ್ರೋಸ್ಕೋಪಿನಲ್ಲಿ ಎಡದಿಂದ ಬಲಕ್ಕೆ ಸಾಲು ಸಾಲಾಗಿ — ಸೊಪ್ಪಿನ ನಾರು, ಹಿಟ್ಟಿನ ಕಣ, ಗುಂಡಗೆ ಏನೋ ಒಂದು, ಮೊಟ್ಟೆಯೇ, ಥೂ ಗಾಳಿಗುಳ್ಳೆ, ಮಾವನ ಹೊಟ್ಟೆಯಲ್ಲಿ ಹುಳ ಇರಲಪ್ಪ ಎಂದು ಬೇಡಿಕೊಳ್ಳುವ ಸೊಸೆ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು, ಇರಲಪ್ಪ, ಗಂಟಾಗದೆ ಹುಳವಾಗಲಿ, ಎರಡನೇ ಸಾಲು, ಮೂರನೇ ಸಾಲಿನ ಅಂಚಿಗೆ — ಅದು. ಮೊಟ್ಟೆ. ಗಾಜಿನಂಥ ತೆಳು ಸಿಪ್ಪೆ, ಒಳಗೆ ನಾಲ್ಕು ಉಂಡೆ ಒಂದಕ್ಕೊಂದು ಒತ್ತಿಕೊಂಡು. ಇನ್ನೊಂದು. ಮುಂದಿನ ಸಾಲಿನಲ್ಲಿ ಎರಡು. ಸ್ಲೈಡು ಮುಗಿಯುವಾಗ ಹನ್ನೊಂದು, ಕಣ್ಣು ಮಂಜಾಗಿ ಮತ್ತೆ ಎಣಿಸಿದೆ, ಹನ್ನೊಂದೇ. ನಮ್ಮ ಲ್ಯಾಬಿನ ಹಿರಿಯ ಮೇಡಂ ಬಂದು ಬಗ್ಗಿ ನೋಡಿ ಕೊಕ್ಕೆಹುಳ ಕಣಮ್ಮ, ಅನುಮಾನನೇ ಬೇಡ, ಬರಿಗಾಲಲ್ಲಿ ಮಣ್ಣು ತುಳಿದ್ರೆ ಅಂಗಾಲಿಂದ ಹೊಕ್ಕೋದು, ಅಳ್ತಿದೀಯಾ ಯಾಕೆ, ಯಾರದಿದು ಎಂದರು, ನಮ್ಮನೆ ಹಿರಿಯರದ್ದು ಮೇಡಂ ಎಂದೆ, ಅವರು ಬೆನ್ನು ತಟ್ಟಿ ಹೋದರು. ಡಾಕ್ಟರಿಗೆ ಫೋನು — ಸರಿ ಹೋಯ್ತಲ್ಲಮ್ಮ, ರಕ್ತ ಕುಡೀತಿದ್ದ ಕಳ್ಳ ಸಿಕ್ಕಿದ, ಹುಳದ ಮಾತ್ರೆ, ಕಬ್ಬಿಣದ ಮಾತ್ರೆ ಶುರು ಮಾಡೋಣ, ಕ್ಯಾಮೆರಾ ಒಂದ್ಸಲ ಹಾಕೇ ಹಾಕ್ತೀನಿ, ಆದ್ರೆ ಈಗ ನಂಗೂ ಅಷ್ಟು ಭಯ ಇಲ್ಲ. ನಂಗೂ ಅಂದರು, ಅಂದರೆ ಅವರಿಗೂ ಇತ್ತು. ಮನೆಗೆ ಫೋನು ಮಾಡಿದೆ, ಅತ್ತೆ ಕೇಳಿದವರೇ ರಿಸೀವರನ್ನು ಮಾವನ ಕಿವಿಗೇ ಒತ್ತಿರಬೇಕು, ಮೆಲ್ಲಗೆ, ಎಷ್ಟಿತ್ತಮ್ಮ, ಹನ್ನೊಂದು ಮೊಟ್ಟೆ ಮಾವ, ಹನ್ನೊಂದಾ — ಹಾಗಾದ್ರೆ ಒಂದು ಟೀಮೇ ಇಳ್ಸಬಹುದಲ್ಲಮ್ಮ ಮೈದಾನಕ್ಕೆ, ಎಂದು ನಕ್ಕುಬಿಟ್ಟರು, ಮೂರು ತಿಂಗಳಾಗಿತ್ತು ಆ ನಗು ಕೇಳಿ, ನನ್ನ ಹತ್ತಿರ, ಅದೂ ಈ ವಿಷಯಕ್ಕೆ, ಹಿಂದಿನಿಂದ ಅತ್ತೆಯ ದನಿ, ಇನ್ನು ಬರಿಗಾಲಲ್ಲಿ ಹಿತ್ತಲಿಗೆ ಇಳೀರಿ ನೋಡೋಣ — ಫೋನಿಟ್ಟು ಸ್ಟೂಲಿನ ಮೇಲೆ ಕೂತಿದ್ದೇನೆ, ರಿಪೋರ್ಟು ಬರೆಯಬೇಕು, ಪೆನ್ನು ಕೈಯಲ್ಲೇ ಇದೆ, ಇನ್ನೂ ಆರು ಡಬ್ಬಿ ಕಾಯುತ್ತಿವೆ, ಏಳಬೇಕು, ಇನ್ನೊಂದೇ ಸಲ ನೋಡಿ ಏಳುತ್ತೇನೆ, ಕಣ್ಣಿಟ್ಟೆ — ತೆಳು ಸಿಪ್ಪೆ, ಒಳಗೆ ನಾಲ್ಕು ಉಂಡೆ, ಏಳಬೇಕು — ತೆಳು ಸಿಪ್ಪೆ, ನಾಲ್ಕು ಉಂಡೆ