ಬೆತೊನ ಸುತ್ತು

ಗೋಡೆಯ ಮೇಲೆ ಹೆಸರು ಬರೆಸಿಕೊಳ್ಳಬೇಕಾದರೆ ಐವತ್ತು ಹೋಮ್ ರನ್ ಹೊಡೆದಿರಬೇಕು, ಇಲ್ಲವೇ ಐನೂರು ಹಿಟ್. ಅದಕ್ಕಿಂತ ಕಡಿಮೆಗೆ ಆ ಸಕ್ಕರೆ ಕಾರ್ಖಾನೆಯ ಬೇಸ್‌ಬಾಲ್ ಮೈದಾನದಲ್ಲಿ ಯಾರ ಹೆಸರೂ ಗೋಡೆ ಏರಿರಲಿಲ್ಲ. ಹೆಸರಿದ್ದವನು ಸತ್ತರೆ ಗೆಳೆಯರು ಅವನ ಶವಪೆಟ್ಟಿಗೆಯನ್ನು ಹೊತ್ತು ಮೈದಾನದ ನಾಲ್ಕು ಮೂಲೆಯ ನಾಲ್ಕೂ ಬೇಸ್‌ಗಳಿಗೆ ಒಂದು ಸುತ್ತು ಹಾಕಿಸಿ, ಆಮೇಲೆ ಸ್ಮಶಾನಕ್ಕೆ ಒಯ್ಯುತ್ತಿದ್ದರು. ಹೆಸರಿಲ್ಲದವನು ನೇರ ಸ್ಮಶಾನಕ್ಕೆ.

"ಕೆಳಗಿಡಬೇಡಿ," ಎಂದಳು ಕಾಂದಿದಾ. ಗಂಡ ಬೆತೊನ ಪೆಟ್ಟಿಗೆ ಹೊತ್ತ ಮುದುಕರು ಮೈದಾನದ ಗೇಟಿನ ಮುಂದೆ ಬೆವರುತ್ತ ನಿಂತಿದ್ದರು. "ಇಟ್ಟರೆ ಮತ್ತೆ ಎತ್ತೋಕೆ ನಿಮ್ಮ ಸೊಂಟ ಬಿಡಲ್ಲ."

ಗೇಟಿಗೆ ಬೀಗವಿತ್ತು. ಬೀಗದ ಕೈ ದೊನ್ ಒಲೆಗಾರಿಯೊ ಹತ್ತಿರವಿತ್ತು. ಒಂದು ಕಾಲದಲ್ಲಿ ಅಂಪೈರ್ ಆಗಿದ್ದವರು, ಈಗ ಗೋಡೆಯ ಉಸ್ತುವಾರಿ ಅವರದೇ.

"ದೊನ್ಯಾ ಕಾಂದಿದಾ, ಬೆತೊ ಅಂದ್ರೆ ನನಗೂ ಪ್ರೀತಿನೇ. ಆದ್ರೆ ನಿಯಮ ನಾನು ಮಾಡಿದ್ದಲ್ಲ."

"ಮತ್ತ್ಯಾರು ಮಾಡಿದ್ದು? ನಿಮ್ಮತ್ತೇನಾ?"

ಹೊತ್ತವರು ನಕ್ಕರು. ಪೆಟ್ಟಿಗೆ ಅಲ್ಲಾಡಿತು.

"ಥೂ, ನಗಬೇಡ್ರೋ! ಬೀಳಿಸಿಬಿಡ್ತೀರಿ!" ಎಂದು ಗದರಿದಳು. ಅವಳಿಗೆ ಇನ್ನೇನೂ ಬೇಕಿರಲಿಲ್ಲ. ಆ ಒಂದು ಸುತ್ತು ಬೇಕಿತ್ತು.

*

ಬೆತೊ ವಾರವೆಲ್ಲ ಕಾರ್ಖಾನೆಯ ಬಾಯ್ಲರಿಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದ. ಭಾನುವಾರ ಆಡುತ್ತಿದ್ದ. ಅವನ ಆಟ ಒಂದೇ: ಬ್ಯಾಟನ್ನು ಬೀಸದೆ ಅಡ್ಡ ಹಿಡಿದು, ಚೆಂಡನ್ನು ಕಾಲ ಬುಡದಲ್ಲೇ ಬೀಳಿಸುವುದು. ಎದುರಾಳಿಗಳು ಚೆಂಡು ಹೆಕ್ಕಿ ಇವನನ್ನು ಔಟ್ ಮಾಡುವಷ್ಟರಲ್ಲಿ ಜೊತೆಯವನು ಒಂದು ಬೇಸ್ ಮುಂದೆ ಹೋಗಿರುತ್ತಿದ್ದ. ಅದು ಹಿಟ್ ಲೆಕ್ಕಕ್ಕೆ ಸೇರುವುದಿಲ್ಲ. ಹಿಂದೆಯೇ ಅದೇ ತಂಡದ ಫೆರ್ಮಿನ್ ಬಂದು ಬೀಸಿ ಹೊಡೆದು ಎಲ್ಲರನ್ನೂ ಓಟ ಮುಗಿಯುವ ಮನೆಯ ಬೇಸ್ ಮುಟ್ಟಿಸುತ್ತಿದ್ದ. ಅದು ಸೇರುತ್ತದೆ.

ಕಪ್ ಗೆದ್ದ ಭಾನುವಾರವೂ ಹಾಗೇ ಆಯಿತು. ಜನ ಫೆರ್ಮಿನ್‌ನನ್ನು ಹೆಗಲ ಮೇಲೆ ಹೊತ್ತು ಬೀದಿ ತುಂಬ ಕುಣಿದರು. ಬೆತೊ ತಂಡದ ಬ್ಯಾಟುಗಳ ಚೀಲ ಹೊತ್ತು ಮನೆಗೆ ಬಂದ.

"ಅವನನ್ನ ಹೊತ್ತರು. ನಿನ್ನನ್ನ?" ಅಂದಿದ್ದಳು ಕಾಂದಿದಾ, ಸಿಟ್ಟಿನಲ್ಲಿ.

"ನನ್ನನ್ನೂ ಹೊತ್ತರೆ ಈ ಬ್ಯಾಟೆಲ್ಲ ಯಾರು ಹೊರಬೇಕೇ?" ಎಂದು ಅವನು ಕೈ ತೊಳೆದು ಊಟಕ್ಕೆ ಕೂತ. ಕರಿದ ಬಾಳೆಕಾಯಿ ಎರಡು ಸಲ ಹಾಕಿಸಿಕೊಂಡ. ಅವನ ಮುಖದಲ್ಲಿ ಕೊರಗನ್ನು ಹುಡುಕಿ ಹುಡುಕಿ ಕೊನೆಗೆ ಅವಳೇ ಸೋತಿದ್ದಳು.

*

ಪೆಟ್ಟಿಗೆಯ ಮುಂದಿನ ಬಲಮೂಲೆ ಫೆರ್ಮಿನ್‌ನ ಹೆಗಲ ಮೇಲಿತ್ತು. ಕಾಂದಿದಾಳ ಮಗಳ ಜ್ಞಾನಸ್ನಾನಕ್ಕೆ ಧರ್ಮಪಿತನಾಗಿ ನಿಂತವನು ಅವನೇ. ಅಂದಿನಿಂದ ಅವಳಿಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ. ಈಗ ಒಂದು ಮಂಡಿ ಮಡಿಸುವುದಕ್ಕೇ ಆಗುತ್ತಿರಲಿಲ್ಲ.

"ಒಲೆಗಾರಿಯೊ, ಗೋಡೆ ಮೇಲೆ ನನ್ನ ಹೆಸರಿದೆಯಾ?"

"ಇದೇನು ಪ್ರಶ್ನೆ? ಮೇಲುಗಡೆ ಇರೋದೇ ನಿಂದು."

"ಹಾಗಾದ್ರೆ ನನಗೊಂದು ಸುತ್ತು ಬರಬೇಕು."

"ಬರಬೇಕು. ಸತ್ತಮೇಲೆ."

"ಸತ್ತಮೇಲೇ ಅಂತ ನಿಯಮದಲ್ಲಿ ಇದೆಯಾ?"

ಒಲೆಗಾರಿಯೊ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಹಾಗಂತ ಇಲ್ಲ. ಒಬ್ಬನಿಗೆ ಒಂದೇ ಸುತ್ತು ಅಂತ ಇದೆ."

"ಒಂದೇ ಸಾಕು. ಅದನ್ನ ಈಗ ತಗೋತೀನಿ. ಹೆಗಲ ಮೇಲೆ ಏನು ಹೊತ್ಕೊಂಡು ಸುತ್ತುತೀನೋ ಅದು ನನ್ನಿಷ್ಟ."

"ಫೆರ್ಮಿನ್, ನೋಡು. ನಾಳೆ ನಿನ್ನ ಪೆಟ್ಟಿಗೆ ಬಂದಾಗ ನಾನು ಗೇಟು ತೆಗೆಯೋನಲ್ಲ. ಈಗಲೇ ಹೇಳಿದ್ದೀನಿ."

"ತೆಗೀಬೇಡ. ನಾನೇನು ಎದ್ದು ಬಂದು ಜಗಳ ಆಡ್ತೀನಾ?"

ಕಾಂದಿದಾ ಅವನ ತೋಳು ಹಿಡಿದಳು. "ಬೇಡ ಕೊಂಪಾದ್ರೆ. ನಿನ್ನ ಮಕ್ಕಳು ನನ್ನ ಬಿಡ್ತಾರಾ?"

"ಒಳ್ಳೆ ಕಾಫಿ ಮಾಡಿಕೊಡು, ಬಿಡ್ತಾರೆ. ಜರುಗು ಕೊಮಾದ್ರೆ, ನಿನ್ನ ಗಂಡ ಭಾರ ಇದ್ದಾನೆ."

ಬೀಗ ತೆರೆಯಿತು.

ಮೊದಲ ಬೇಸ್ ಸಲೀಸಾಗಿ ದಾಟಿತು. ಎರಡನೆಯದರ ಹತ್ತಿರ ಮುದುಕರು ದಾರಿ ಉಳಿಸಲು ಬೇಸ್ ತುಳಿಯದೆ ಅಡ್ಡಹಾದಿಯಲ್ಲಿ ತಿರುಗಿದರು. ಬೇಲಿಯಾಚೆಯ ಜನವೆಲ್ಲ ಒಟ್ಟಿಗೆ ಕೂಗಿತು: "ಮುಟ್ಟಲಿಲ್ಲ! ಮುಟ್ಟಲಿಲ್ಲ!"

"ಹಿಂದಕ್ಕೆ!" ಒಲೆಗಾರಿಯೊ ಹಳೆಯ ದನಿಯಲ್ಲಿ ಗರ್ಜಿಸಿದರು. "ಮುಟ್ಟಿ ಬನ್ನಿ, ಇಲ್ಲಾಂದ್ರೆ ಔಟ್!"

"ಸತ್ತವನನ್ನ ಇನ್ನೆಷ್ಟು ಔಟ್ ಮಾಡ್ತೀಯಯ್ಯಾ!" ಎಂದು ಫೆರ್ಮಿನ್ ಬೈದ. ಬೈಯುತ್ತಲೇ ಎಲ್ಲರೂ ಹಿಂದೆ ಹಿಂದೆ ಹೆಜ್ಜೆ ಹಾಕಿ, ಬೇಸ್ ತುಳಿದು, ಮತ್ತೆ ಹೊರಟರು. ಕಪ್ಪು ಬಟ್ಟೆಯ ಕಾಂದಿದಾ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕಳು. ಬೆತೊ ಹೋದಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅವರು ಮೂರನೆಯ ಬೇಸ್ ದಾಟುವಾಗ ಒಲೆಗಾರಿಯೊ ದಡದಡನೆ ಮುಂದೆ ಹೋದರು. ಮನೆಯ ಬೇಸ್ ಕೆಂಪು ದೂಳಿನಲ್ಲಿ ಮುಚ್ಚಿಹೋಗಿತ್ತು. ಬಗ್ಗಿ, ತಮ್ಮ ಬಿಳಿ ಅಂಗಿಯ ತೋಳಿನಿಂದಲೇ ಒರೆಸಿದರು. ಬೆಳ್ಳಗಾಗುವವರೆಗೆ ಒರೆಸಿ, ಪಕ್ಕಕ್ಕೆ ಸರಿದು, ಟೋಪಿ ತೆಗೆದರು. ಪೆಟ್ಟಿಗೆ ಅದರ ಮೇಲೆ ಇಳಿಯಿತು.

ಗೋಡೆಯ ಮೇಲೆ ಬೆತೊನ ಹೆಸರು ಬರಲಿಲ್ಲ, ಮುಂದೆಯೂ ಬರುವುದಿಲ್ಲ. ಅವನಿಗೆ ಒಂದು ಸುತ್ತು ಸಿಕ್ಕಿತು. ಫೆರ್ಮಿನ್‌ಗೆ ಇದ್ದ ಒಂದು ಸುತ್ತು ಹೋಯಿತು.