ಹಕ್ಕಿಯ ಇನ್ನೊಂದು ರೆಕ್ಕೆ

ಮಧ್ಯಾಹ್ನ ಎರಡೂವರೆ. ಹೆಣಿಗೆ ಯಂತ್ರದಿಂದ ಇಳಿದ ಹಕ್ಕಿಗೆ ಒಂದೇ ರೆಕ್ಕೆ ಇತ್ತು. ಎಡರೆಕ್ಕೆ, ಕೊಕ್ಕು, ಕಣ್ಣು ಎಲ್ಲ ಅಚ್ಚುಕಟ್ಟು. ಆಮೇಲೆ ಚಾಕುವಿನಿಂದ ಕೊಯ್ದ ಹಾಗೆ ಬರೀ ಬೂದು ಉಣ್ಣೆ.

"ಇವತ್ತೂ ಇಲ್ಲ," ಎಂದಳು ಚಿಕ್ಕಮ್ಮ.

ಬಾಗಿಲ ಬಳಿ ಗುಜರಿಯವನು ಸ್ಟೂಲಿನ ಮೇಲೆ ಕೂತು ಚಹಾ ಹೀರುತ್ತಿದ್ದ. ನಾಲ್ಕಕ್ಕೆ ಯಂತ್ರ ಒಯ್ಯುವುದೆಂದು ಮಾತಾಗಿತ್ತು. ಅದು ಹೋದರೆ ಸ್ವೆಟರ್ ಅಂಗಡಿಯೂ ಮುಚ್ಚಿದಂತೆ.

ಯಂತ್ರ ನಡೆಸುವ ಬೋರ್ಡು ಸುಟ್ಟುಹೋಗಿತ್ತು. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಲಿಫ್ಟ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ಚಿಕ್ಕಮ್ಮನ ಅಕ್ಕನ ಮಗಳು ಹೊಸ ಎಲೆಕ್ಟ್ರಾನಿಕ್ ಚಿಪ್ಪಿನ ಬೋರ್ಡು ಕೂರಿಸಿದ್ದಳು. ಯಾವ ಸೂಜಿ ಯಾವ ನೂಲು ಎತ್ತಬೇಕೆಂದು ಹೇಳುವ ಪ್ರೋಗ್ರಾಮು, ಅಂದರೆ ಲೈಬ್ರರಿ, ಮಾತ್ರ ಅವಳಮ್ಮ ಬರೆದದ್ದೇ. ಚಿಪ್ಪು ತೀರ ಚಿಕ್ಕದು. ಲೈಬ್ರರಿಯನ್ನು ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿ, ಅಂದರೆ ಚಿಪ್ಪಿಗೆ ತಿಳಿಯುವ ಭಾಷೆಗೆ ತಿರುಗಿಸಿ, ಇಳಿಸಬೇಕು. ಹೇಗೆ ಕಂಪೈಲ್ ಮಾಡಬೇಕೆಂದು ಹೇಳುವ ಸಣ್ಣ ಸಣ್ಣ ಸೂಚನೆಗಳಿಗೆ ಫ್ಲ್ಯಾಗು ಎನ್ನುತ್ತಾರೆ. ಅಮ್ಮ ಯಾವ ಫ್ಲ್ಯಾಗು ಹಾಕುತ್ತಿದ್ದಳೋ, ಅವಳು ತೀರಿಕೊಂಡಾಗ ಅದೂ ಅವಳ ಜೊತೆಗೇ ಹೋಯಿತು.

ಮೊದಲ ದಿನ ಯಂತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಚಿಪ್ಪು ಯಾವುದೆಂದು ಹೇಳುವ ಫ್ಲ್ಯಾಗು ತಿದ್ದಿದಾಗ ಓಡಿತು, ಆದರೆ ರೆಕ್ಕೆ ನುಂಗಿತು. ಸೂಜಿ ತೊಳೆದದ್ದಾಯಿತು, ವೈರು ಬದಲಿಸಿದ್ದಾಯಿತು.

"ಲಿಫ್ಟೂ ಹೀಗೇ ಮಾಡ್ತೀಯೇನಮ್ಮ? ಅರ್ಧ ಮಹಡಿಗೇ ನಿಲ್ಲುತ್ತಾ?" ಗುಜರಿಯವನು ಕೇಳಿದ.

"ಬಾಯಿಗೆ ಚಹಾ ಕೊಟ್ಟಿದ್ದು ಮುಚ್ಕೊಂಡಿರಲಿ ಅಂತ," ಎಂದ ಚಿಕ್ಕಮ್ಮ ಹೆಣಿಗೆಯ ತುಂಡನ್ನು ತೊಡೆಯ ಮೇಲೆ ಹರವಿಕೊಂಡಳು. ಸ್ವಲ್ಪ ಹೊತ್ತು ನೋಡಿದವಳು ಕಿಸಕ್ಕನೆ ನಕ್ಕಳು. "ಏ ಅರ್ಧಹಕ್ಕೀ, ಇದನ್ನ ನೀನು ಹಾಕ್ಕೊಂಡಿದ್ಯಲ್ಲೇ!"

ಬೀರುವಿನ ಮೇಲಿನ ಟ್ರಂಕಿನಿಂದ ಒಂದು ಪುಟ್ಟ ಕೆಂಪು ಸ್ವೆಟರ್ ಹೊರಬಂತು. ನುಸಿಗುಳಿಗೆಯ ವಾಸನೆ. ಎದೆಯ ಮೇಲೆ ಒಂದೇ ರೆಕ್ಕೆಯ ಹಕ್ಕಿ.

ಯಂತ್ರಕ್ಕೆ ಮೊದಲ ಸಲ ಬೋರ್ಡು ಹಾಕಿದಾಗ ಹೆಣೆದದ್ದು. ಆಗ ಅಕ್ಕನ ಮಗಳು ಒಂದನೇ ಕ್ಲಾಸು. "ಹಕ್ಕಿ ಪಕ್ಕಕ್ಕೆ ತಿರುಗಿದೆ, ಇನ್ನೊಂದು ರೆಕ್ಕೆ ಆಚೆ ಇದೆ," ಎಂದು ಅಮ್ಮ ಮುಖ ಗಂಟು ಹಾಕಿಕೊಂಡೇ ತೊಡಿಸಿದ್ದಳು. ಶಾಲೆಯಲ್ಲಿ ಅವತ್ತೇ ಅರ್ಧಹಕ್ಕಿ ಎಂದು ಹೆಸರಾಯಿತು. ಮುಂದಿನ ವಾರ ಪೂರ್ತಿ ಹಕ್ಕಿಯ ಸ್ವೆಟರ್ ಬಂತು, ಹೆಸರು ಬದಲಾಗಲಿಲ್ಲ. ಶಾಲೆ ಬಿಟ್ಟು ಬಂದು ನೂಲುಂಡೆಗಳ ಮೂಟೆಗೆ ಒರಗಿ ಮಲಗುತ್ತಿದ್ದದ್ದು, ತಲೆ ಸವರುತ್ತಿದ್ದ ಅಮ್ಮನ ಬೆರಳಿನ ಎಣ್ಣೆ ವಾಸನೆ, ಯಂತ್ರದ ಸರ್ ಸರ್ ಸದ್ದು, ಅಕ್ಕತಂಗಿಯರ ಜಗಳ. ಆ ಮೂಟೆಯ ಜಾಗದಲ್ಲಿ ಈಗ ಗುಜರಿಯವನ ತಕ್ಕಡಿ ಇತ್ತು.

ಅವಳು ಎರಡೂ ಹಕ್ಕಿಗಳನ್ನು ಅಕ್ಕಪಕ್ಕ ಇಟ್ಟು ರೆಕ್ಕೆಯ ತುದಿಯಿಂದ ಹೆಣಿಗೆಯ ಕುಣಿಕೆ ಎಣಿಸಿದಳು. ಎರಡೂ ಒಂದೇ ಕಡೆ ತುಂಡಾಗಿದ್ದವು. ಯಂತ್ರದ ಮೇಲೆ ಆ ಜಾಗಕ್ಕೆ ಬೆರಳಿಟ್ಟಳು: ನೂರ ಇಪ್ಪತ್ತೇಳನೇ ಸೂಜಿ.

"ಚಿಕ್ಕಮ್ಮ, ಇದು ನೂರ ಇಪ್ಪತ್ತೇಳು ಆದ್ಮೇಲೆ ಸೊನ್ನೆಗಿಂತ ಕೆಳಗೆ ಬೀಳ್ತಿದೆ!"

"ಯಾರು ಬಿದ್ದಿದ್ದು?"

"ಲೆಕ್ಕ. ಸೂಜಿ ನಂಬರು ಇಡೋ ಡಬ್ಬಿ ಚಿಕ್ಕದು. ಅದರಲ್ಲಿ ಮೈನಸ್ಸಿಗೂ ಜಾಗ ಕೊಟ್ರೆ ನೂರ ಇಪ್ಪತ್ತೇಳಕ್ಕೇ ತುಂಬಿಹೋಗುತ್ತೆ, ಮುಂದಿಂದೆಲ್ಲ ಮೈನಸ್. ಮೈನಸ್ ಸೂಜಿ ಎಲ್ಲಿಂದ ತರ್ತದೆ ಯಂತ್ರ? ನನ್ನ ಲ್ಯಾಪ್‌ಟಾಪಿಗೆ ಹಾಕೋ ಫ್ಲ್ಯಾಗನ್ನೇ ಇದಕ್ಕೂ ಹಾಕ್ಬಿಟ್ಟೆ. ಅಮ್ಮನೂ ಮೊದಲು ಅದನ್ನೇ ಮಾಡಿರ್ಬೇಕು."

"ನೂಲಿನಂತೆ ಸೀರೆ, ತಾಯಿಯಂತೆ ಮಗಳು," ಎಂದಳು ಚಿಕ್ಕಮ್ಮ. "ಅವಳು ಮಾತ್ರ ತನ್ನ ತಪ್ಪು ಅಂತ ಒಂದಿನಾನೂ ಹೇಳ್ಲಿಲ್ಲ. ಸೂಜಿ ಸರಿಯಿಲ್ಲ ಅಂತ ನನ್ನೇ ಬೈದ್ಲು."

ಅಕ್ಕನ ಮಗಳು ಆ ಫ್ಲ್ಯಾಗನ್ನು ಅಳಿಸಿ, ಮೈನಸ್ ಬೇಡ ಎನ್ನುವುದನ್ನು ಹಾಕಿದಳು. ಲೈಬ್ರರಿ ಮತ್ತೆ ಕಂಪೈಲ್ ಆಗಿ ಬೋರ್ಡಿಗೆ ಇಳಿಯಿತು. ಚಿಕ್ಕಮ್ಮ ಕೆಂಪು ನೂಲು ಏರಿಸಿ ಯಂತ್ರದ ಹಿಡಿ ಎಳೆದಳು. ಸರ್, ಸರ್. ಗುಜರಿಯವನೂ ಲೋಟ ಕೆಳಗಿಟ್ಟು ಎದ್ದು ಬಂದ. ಸಾಲಿನ ಮೇಲೆ ಸಾಲು ಏರುತ್ತ ಬಲಗಡೆಗೂ ರೆಕ್ಕೆ ಚಾಚಿಕೊಂಡಿತು.

ಚಿಕ್ಕಮ್ಮ ಹಿಡಿ ಬಿಡಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಧೂಳು," ಎಂದಳು.

ನಾಲ್ಕಕ್ಕೆ ಗುಜರಿಯವನು ಖಾಲಿ ಗಾಡಿ ತಳ್ಳಿಕೊಂಡು ಹೋದ. ಮುಂದಿನ ವಾರ ಮೊಮ್ಮಗಳನ್ನು ಕರೆತಂದು ಸ್ವೆಟರಿಗೆ ಅಳತೆ ಕೊಡಿಸಿದ.